ಹಾಡು ಕೊಂಡವರ ಕೈಗೆ ಬಾರದ ಕೀಲಿಕೈ

ಹಣ ಕೊಟ್ಟು ಕೊಂಡ ಡಿಜಿಟಲ್ ಹಾಡು ಒಂದು ಪ್ಲೇಯರ್‌ನಲ್ಲಿ ಕೇಳಿಸುತ್ತದೆ, ಮತ್ತೊಂದರಲ್ಲಿ ಕೇಳಿಸುವುದಿಲ್ಲ ಎಂಬ ದೂರಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಆಗ ಅದು ಆ್ಯಪಲ್‌ನ ಐಪಾಡ್, ಮೈಕ್ರೋಸಾಫ್ಟ್‌ನ ಜೂನ್, ಸೋನಿಯ ವಾಕ್‌ಮನ್ ಎಂಬ ಪ್ಲೇಯರ್‌ಗಳ ನಡುವಿನ ಜಗಳವಾಗಿತ್ತು. ಈಗ ಚಂದಾ ಸೇವೆಗಳಿಂದ ಇಳಿಸಿಕೊಂಡ ಹಾಡುಗಳು ಆಯಾ ಆ್ಯಪ್‌ನ ಹೊರಗೆ ಉಸಿರೆತ್ತುವುದಿಲ್ಲ ಎಂಬ ರೂಪದಲ್ಲಿ ಅದೇ ದೂರು ಮರಳಿ ಬಂದಿದೆ. ಇದನ್ನು ಸಾಧನಗಳ ನಡುವಿನ ತಾಂತ್ರಿಕ ಹೊಂದಾಣಿಕೆಯ ಕೊರತೆ ಎಂದು ವಿವರಿಸುವವರೇ ಹೆಚ್ಚು. ನಡೆದ ಘಟನೆಗಳನ್ನು ಸಾಲಾಗಿ ನೋಡಿದರೆ ಆ ವಿವರಣೆ ನಿಲ್ಲುವುದಿಲ್ಲ. ನಕಲು ತಡೆಯಲೆಂದು ಹಾಕಿದ ಬೀಗ ನಕಲಿನ ಮುಂದೆ ಸೋತಿತು. ಆದರೆ ಪ್ರಾಮಾಣಿಕವಾಗಿ ದುಡ್ಡು ಕೊಟ್ಟ ಗಿರಾಕಿಯನ್ನು ಒಂದೇ ಕಂಪನಿಯ ಸಾಧನಕ್ಕೆ ಕಟ್ಟಿಹಾಕುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು, ಇಂದಿಗೂ ಮಾಡುತ್ತಿದೆ.

ಮೊದಲು ಎರಡು ಸಂಗತಿಗಳನ್ನು ಬೇರೆ ಮಾಡಿಕೊಳ್ಳಬೇಕು. ಧ್ವನಿಯನ್ನು ಕಡಿಮೆ ಜಾಗದಲ್ಲಿ ಹಿಡಿಸುವ ಕ್ರಮಕ್ಕೆ ಫಾರ್ಮ್ಯಾಟ್ ಎನ್ನುತ್ತಾರೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧನೆಯಿಂದ ಬಹುಪಾಲು ರೂಪುಗೊಂಡ ಎಂಪಿ3 ಒಂದು ಫಾರ್ಮ್ಯಾಟ್, ಅದರ ನಂತರ ಬಂದ ಎಎಸಿ ಇನ್ನೊಂದು. ಎಎಸಿಯನ್ನು ಆ್ಯಪಲ್ ಕಂಪನಿಯ ಸ್ವತ್ತೆಂದು ತಿಳಿದವರು ಬಹಳ ಮಂದಿ ಇದ್ದಾರೆ. ಅದು ಯಾವ ತಯಾರಕರಾದರೂ ಶುಲ್ಕ ಕೊಟ್ಟು ಅಳವಡಿಸಿಕೊಳ್ಳಬಹುದಾದ ಅಂತರರಾಷ್ಟ್ರೀಯ ಮಾನಕ. ಫಾರ್ಮ್ಯಾಟ್‌ಗಳ ಭೇದವನ್ನು ಒಂದು ತಂತ್ರಾಂಶದಿಂದ ಅಥವಾ ಒಂದಷ್ಟು ಪರವಾನಗಿ ಶುಲ್ಕದಿಂದ ಬಗೆಹರಿಸಬಹುದು. ಡಿಆರ್‌ಎಂ ಎಂದು ಕರೆಯುವ ಡಿಜಿಟಲ್ ಹಕ್ಕು ನಿರ್ವಹಣೆಯ ವಿಚಾರ ಬೇರೆ. ಅದು ಫಾರ್ಮ್ಯಾಟ್‌ನ ಮೇಲೆ ಹಾಕಿದ ಗೂಢಲಿಪಿಯ ಹೊದಿಕೆ, ಮೇಲೆ ಹೇಳಿದ ಬೀಗ ಇದೇ. ಒಳಗಿರುವ ಎಎಸಿಯನ್ನು ನುಡಿಸಬಲ್ಲ ಪ್ಲೇಯರ್ ಕೂಡ ಹೊದಿಕೆಯನ್ನು ಬಿಚ್ಚುವ ಕೀಲಿ ಇಲ್ಲದೆ ಕೈಚೆಲ್ಲುತ್ತದೆ, ಮತ್ತು ಆ ಕೀಲಿಯನ್ನು ಯಾರಿಗೆ ಕೊಡಬೇಕೆಂದು ಹೊದಿಸಿದ ಕಂಪನಿಯೊಂದೇ ತೀರ್ಮಾನಿಸುತ್ತದೆ.

ಆ್ಯಪಲ್ 2003ರ ಏಪ್ರಿಲ್‌ನಲ್ಲಿ ಹಾಡಿಗೆ 99 ಸೆಂಟ್‌ನಂತೆ ಮಾರಾಟ ಶುರು ಮಾಡಿದ ಐಟ್ಯೂನ್ಸ್ ಅಂಗಡಿಯಲ್ಲಿ ಈ ಹೊದಿಕೆಗೆ ಫೇರ್‌ಪ್ಲೇ ಎಂದು ಹೆಸರು. ಪ್ರತಿ ಹಾಡಿನ ಧ್ವನಿಭಾಗವನ್ನು ಒಂದು ಕೀಲಿಯಿಂದ ಮುಚ್ಚಿ, ಆ ಕೀಲಿಯನ್ನೇ ಗಿರಾಕಿಯ ಖಾತೆಗೆ ಸೇರಿದ ಇನ್ನೊಂದು ಕೀಲಿಯಿಂದ ಮುಚ್ಚಿ ಹಾಡಿನ ಫೈಲ್‌ನೊಳಗೇ ಇಡಲಾಗುತ್ತಿತ್ತು. ಖಾತೆಯ ಕೀಲಿಗಳು ಕಂಪನಿಯ ಸರ್ವರ್‌ನಿಂದ ಗಿರಾಕಿಯ ಕಂಪ್ಯೂಟರ್‌ಗೆ ಬರುತ್ತಿದ್ದವು. ಐಪಾಡ್ ಜೋಡಿಸಿದಾಗ ಅದಕ್ಕೂ ದಾಟುತ್ತಿದ್ದವು. ಆರಂಭದಲ್ಲಿ ಮೂರು, 2004ರಿಂದ ಐದು ಕಂಪ್ಯೂಟರ್‌ಗಳಿಗೆ ಮಾತ್ರ ಅನುಮತಿ, ಐಪಾಡ್‌ಗಳ ಸಂಖ್ಯೆಗೆ ಮಿತಿಯಿಲ್ಲ, ಬೇರೆ ಕಂಪನಿಯ ಪ್ಲೇಯರ್‌ಗೆ ಪ್ರವೇಶವೇ ಇಲ್ಲ. ನಕಲಿನ ಭಯವೊಂದೇ ಕಾರಣವಾಗಿದ್ದರೆ ಐಪಾಡ್‌ಗಳ ಸಂಖ್ಯೆಗೂ ಒಂದು ಮಿತಿ ಇರಬೇಕಿತ್ತು. ಬೀಗ ಯಾವ ಬಾಗಿಲಲ್ಲಿ ಸಡಿಲ, ಯಾವ ಬಾಗಿಲಲ್ಲಿ ಬಿಗಿ ಎಂಬುದನ್ನು ನೋಡಿದರೆ ಅದರ ಉದ್ದೇಶ ಅರ್ಧದಷ್ಟು ಅರ್ಥವಾಗುತ್ತದೆ.

ಮೈಕ್ರೋಸಾಫ್ಟ್ ಇನ್ನೊಂದು ದಾರಿ ಹಿಡಿಯಿತು. ಹಾಡಿನ ಜೊತೆಗೆ ಒಂದು ಪರವಾನಗಿ ಫೈಲ್ ಬರುತ್ತಿತ್ತು; ಎಷ್ಟು ಬಾರಿ ಸಿಡಿಗೆ ಬರೆಯಬಹುದು, ಪ್ಲೇಯರ್‌ಗೆ ವರ್ಗಾಯಿಸಬಹುದೇ, ಯಾವ ದಿನಾಂಕದವರೆಗೆ ಕೇಳಬಹುದು ಎಂಬ ನಿಯಮಗಳನ್ನು ಅಂಗಡಿ ತನಗೆ ಬೇಕಾದಂತೆ ಬರೆಯಬಹುದಿತ್ತು. ಹೀಗಾಗಿ ಒಂದೇ ತಂತ್ರಜ್ಞಾನ ಬಳಸಿದ ಎರಡು ಅಂಗಡಿಗಳ ಹಾಡುಗಳಿಗೂ ಬೇರೆ ಬೇರೆ ನಿಯಮ ಇರುವುದು ಸಾಧ್ಯವಾಯಿತು. ತಿಂಗಳ ಚಂದಾ ಕಟ್ಟಿ ಹಾಡುಗಳನ್ನು ಪ್ಲೇಯರ್‌ಗೆ ಒಯ್ಯುವ ಸೌಲಭ್ಯಕ್ಕಾಗಿ ಸಾಧನದೊಳಗೆ ಬಳಕೆದಾರ ಬದಲಿಸಲಾಗದ ಗಡಿಯಾರವೊಂದು ಬೇಕಿತ್ತು, ಕಾಲಕಾಲಕ್ಕೆ ಕಂಪ್ಯೂಟರ್‌ಗೆ ಜೋಡಿಸಿ ಪರವಾನಗಿ ನವೀಕರಿಸಬೇಕಿತ್ತು. ಸೋನಿಯಂತೂ ತನ್ನದೇ ಅಟ್ರಾಕ್ ಫಾರ್ಮ್ಯಾಟ್‌ಗೆ ಅಂಟಿಕೊಂಡು, ಬಹುಕಾಲ ತನ್ನ ನೆಟ್‌ವರ್ಕ್ ವಾಕ್‌ಮನ್‌ಗಳಲ್ಲಿ ಎಂಪಿ3 ಫೈಲ್‌ಗಳನ್ನು ನೇರವಾಗಿ ನುಡಿಸಲು ಬಿಡಲಿಲ್ಲ. ಸಂಗೀತ ಕಂಪನಿಯೂ ಸಾಧನ ಕಂಪನಿಯೂ ಒಂದೇ ಮನೆಯೊಳಗೆ ಇದ್ದುದರ ಫಲ ಅದು. ಕೈಯಲ್ಲಿ ಹಿಡಿದು ತಿರುಗುವ ಸಂಗೀತವನ್ನು ಜಗತ್ತಿಗೆ ಪರಿಚಯಿಸಿದ ಕಂಪನಿಯೇ ಆ ಮಾರುಕಟ್ಟೆಯನ್ನು ಕಳೆದುಕೊಳ್ಳಲು ಇದೂ ಒಂದು ಮುಖ್ಯ ಕಾರಣ.

ಹೊಂದಾಣಿಕೆ ಅಸಾಧ್ಯವಾಗಿತ್ತೇ? ಇದಕ್ಕೆ ಉತ್ತರ 2004ರ ಜುಲೈನಲ್ಲಿ ಸಿಕ್ಕಿತು. ರಿಯಲ್‌ನೆಟ್‌ವರ್ಕ್ಸ್ ಎಂಬ ಕಂಪನಿ ಹಾರ್ಮನಿ ಎಂಬ ತಂತ್ರವನ್ನು ಹೊರತಂದು, ತನ್ನ ಅಂಗಡಿಯ ಹಾಡುಗಳಿಗೆ ಫೇರ್‌ಪ್ಲೇಯನ್ನು ಹೋಲುವ ಹೊದಿಕೆ ಹಾಕಿ ಐಪಾಡ್‌ನಲ್ಲಿ ನುಡಿಯುವಂತೆ ಮಾಡಿತು. ಇಲ್ಲಿ ಗಮನಿಸಬೇಕಾದ್ದು, ಹಾರ್ಮನಿ ಯಾವ ಬೀಗವನ್ನೂ ಬಿಚ್ಚಲಿಲ್ಲ. ಬೀಗ ಹಾಕಿದ ಹಾಡನ್ನು ಬೀಗ ಸಹಿತವಾಗಿಯೇ ಇನ್ನೊಂದು ಸಾಧನಕ್ಕೆ ಒಪ್ಪುವಂತೆ ಮಾಡಿತು. ನಕಲು ತಡೆ ಹಾಗೇ ಉಳಿಯಿತು, ಗಿರಾಕಿಯ ಆಯ್ಕೆ ಮಾತ್ರ ಹೆಚ್ಚಿತು. ಆ್ಯಪಲ್ ಇದನ್ನು ಹ್ಯಾಕರ್‌ಗಳ ನಡವಳಿಕೆ ಎಂದು ಜರೆದು, ಮುಂದಿನ ತಂತ್ರಾಂಶ ಪರಿಷ್ಕರಣೆಗಳಲ್ಲಿ ಆ ಹಾಡುಗಳು ಐಪಾಡ್‌ನಲ್ಲಿ ನುಡಿಯದಂತೆ ಮಾಡಿತು. ಇದರ ಸುತ್ತ ಹೂಡಿದ ಸಾಮೂಹಿಕ ದಾವೆ ಹತ್ತು ವರ್ಷ ಎಳೆದು, 2014ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ವಿಚಾರಣೆಗೆ ಬಂದಾಗ, ಪ್ರಶ್ನೆಗೊಳಗಾದ ಪರಿಷ್ಕರಣೆ ನಿಜವಾದ ಸುಧಾರಣೆಯೇ ಆಗಿತ್ತು ಎಂದು ಜ್ಯೂರಿ ಆ್ಯಪಲ್ ಪರವಾಗಿ ತೀರ್ಪು ಕೊಟ್ಟಿತು. ಕಾನೂನಿನ ದೃಷ್ಟಿಯಲ್ಲಿ ವಿಷಯ ಅಲ್ಲಿಗೆ ಮುಗಿಯಿತು. ಆದರೆ ಎರಡು ಬೀಗಗಳು ಒಂದೇ ಸಾಧನದಲ್ಲಿ ಬಾಳಬಲ್ಲವು, ಬಾಳಗೊಡದಿರುವುದು ವ್ಯಾಪಾರದ ತೀರ್ಮಾನ ಎಂಬುದನ್ನು ಆ ಪ್ರಕರಣ ಎಲ್ಲರ ಮುಂದೆ ತೆರೆದಿಟ್ಟಿತು.

ಮೈಕ್ರೋಸಾಫ್ಟ್‌ನ ಕಥೆ ಇನ್ನೂ ವಿಚಿತ್ರ. ಹಲವು ಅಂಗಡಿಗಳನ್ನೂ ಹಲವು ತಯಾರಕರನ್ನೂ ಒಂದೇ ನಿಯಮದಡಿ ತರಲು ಅದು 2004ರಲ್ಲಿ ಪ್ಲೇಸ್‌ಫಾರ್‌ಶೂರ್ ಎಂಬ ಮುದ್ರೆಯನ್ನು ಪ್ರಚಾರ ಮಾಡಿತು. ಈ ಮುದ್ರೆಯಿರುವ ಅಂಗಡಿಯ ಹಾಡು ಈ ಮುದ್ರೆಯಿರುವ ಪ್ಲೇಯರ್‌ನಲ್ಲಿ ಖಂಡಿತ ನುಡಿಯುತ್ತದೆ ಎಂಬುದು ಭರವಸೆ. 2006ರ ನವೆಂಬರ್‌ನಲ್ಲಿ ಅದೇ ಕಂಪನಿ ಜೂನ್ ಎಂಬ ತನ್ನದೇ ಪ್ಲೇಯರ್ ಬಿಡುಗಡೆ ಮಾಡಿದಾಗ, ಅದರಲ್ಲಿ ಪ್ಲೇಸ್‌ಫಾರ್‌ಶೂರ್ ಹಾಡುಗಳು ನುಡಿಯಲಿಲ್ಲ. ಅಂದರೆ ಮೈಕ್ರೋಸಾಫ್ಟ್‌ನ ಎಂಎಸ್ಎನ್ ಮ್ಯೂಸಿಕ್ ಅಂಗಡಿಯಲ್ಲಿ ಕೊಂಡ ಹಾಡು ಮೈಕ್ರೋಸಾಫ್ಟ್‌ನ ಪ್ಲೇಯರ್‌ನಲ್ಲೇ ಸದ್ದಿಲ್ಲ. ಐಪಾಡ್‌ನ ಯಶಸ್ಸು ಅಂಗಡಿ, ತಂತ್ರಾಂಶ, ಸಾಧನ ಮೂರನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದದ್ದರಿಂದ ಬಂತೆಂದು ತಿಳಿದ ಕಂಪನಿ, ತನ್ನ ಪಾಲುದಾರರಿಗೆ ಕೊಟ್ಟ ಮಾತನ್ನು ಬದಿಗಿಟ್ಟಿತು. ಜೂನ್‌ನಿಂದ ಜೂನ್‌ಗೆ ನಿಸ್ತಂತುವಾಗಿ ಕಳಿಸಿದ ಹಾಡು ಮೂರು ಬಾರಿ ಕೇಳಿದ ಮೇಲೆ ಅಥವಾ ಮೂರು ದಿನ ಕಳೆದ ಮೇಲೆ ತೆರೆದುಕೊಳ್ಳುತ್ತಿರಲಿಲ್ಲ. ಕಳಿಸಿದವರು ತಾವೇ ಹಾಡಿ ಧ್ವನಿಮುದ್ರಿಸಿಕೊಂಡ ಹಾಡಿಗೂ ಅದೇ ಗತಿ. ಹಕ್ಕುದಾರರ ಹೆಸರಿನಲ್ಲಿ ಹಾಕಿದ ಬೀಗ ಇಲ್ಲಿ ಹಕ್ಕುದಾರರನ್ನೂ ಬಿಡಲಿಲ್ಲ.

ಸಾಧನಗಳ ಜಗಳಕ್ಕಿಂತ ಆಳವಾದ ಪೆಟ್ಟು ಬಿದ್ದದ್ದು ಅಂಗಡಿಗಳು ಬಾಗಿಲು ಹಾಕತೊಡಗಿದಾಗ. ಎಂಎಸ್ಎನ್ ಮ್ಯೂಸಿಕ್‌ನ ಗಿರಾಕಿಗಳಿಗೆ 2008ರ ಏಪ್ರಿಲ್‌ನಲ್ಲಿ ಒಂದು ಸೂಚನೆ ಬಂತು: ಆಗಸ್ಟ್ 31ರ ನಂತರ ಹೊಸ ಕಂಪ್ಯೂಟರ್‌ಗಳಿಗೆ ಪರವಾನಗಿ ಕೊಡುವ ಸರ್ವರ್ ಇರುವುದಿಲ್ಲ. ಇರುವ ಕಂಪ್ಯೂಟರ್ ಕೆಟ್ಟರೆ ಅಥವಾ ಅದರ ಕಾರ್ಯಾಚರಣ ವ್ಯವಸ್ಥೆಯನ್ನು ಬದಲಿಸಿದರೆ ಕೊಂಡ ಹಾಡುಗಳು ಹೋದಂತೆಯೇ. ವಿರೋಧ ಎದ್ದ ಮೇಲೆ ಗಡುವನ್ನು 2011ರವರೆಗೆ ಮುಂದೂಡಲಾಯಿತು. 2008ರ ಜುಲೈನಲ್ಲಿ ಯಾಹೂ ತನ್ನ ಸಂಗೀತ ಅಂಗಡಿಯ ಸರ್ವರ್‌ಗಳನ್ನು ಮುಚ್ಚುವುದಾಗಿ ಹೇಳಿ, ಆಮೇಲೆ ಪರಿಹಾರ ಕೊಡಲು ಒಪ್ಪಿತು. ಸೆಪ್ಟೆಂಬರ್‌ನಲ್ಲಿ ವಾಲ್‌ಮಾರ್ಟ್ ಕೂಡ ಅಂಥದೇ ಘೋಷಣೆ ಮಾಡಿ, ಗಿರಾಕಿಗಳ ಸಿಟ್ಟಿಗೆ ಮಣಿದು ಹಿಂದೆ ಸರಿಯಿತು. ಸೋನಿಯ ಕನೆಕ್ಟ್ ಅಂಗಡಿಯೂ ಅದೇ ವರ್ಷ ಮುಚ್ಚಿತು. ಈ ಕಂಪನಿಗಳು ಗಿರಾಕಿಗಳಿಗೆ ಕೊಟ್ಟ ಸಲಹೆ ಮಾತ್ರ ಒಂದೇ: ಹಾಡುಗಳನ್ನು ಸಿಡಿಗೆ ಬರೆದಿಟ್ಟುಕೊಳ್ಳಿ. ಸಿಡಿಗೆ ಬರೆದೊಡನೆ ಬೀಗ ಕಳಚುತ್ತದೆ, ನಂತರ ಅದನ್ನು ಎಂಪಿ3 ಮಾಡಿಕೊಳ್ಳಬಹುದು. ಈಗಾಗಲೇ ಒಮ್ಮೆ ಸಂಕುಚಿಸಿದ ಧ್ವನಿಯನ್ನು ಮತ್ತೊಮ್ಮೆ ಸಂಕುಚಿಸುವುದರಿಂದ ಗುಣಮಟ್ಟ ಇಳಿಯುತ್ತದೆ ಅಷ್ಟೆ. ಬೀಗ ಹಾಕಿದವರೇ ಬೀಗ ತೆಗೆಯುವ ಉಪಾಯವನ್ನು ಹೇಳಿಕೊಡಬೇಕಾದ ಸ್ಥಿತಿ ಬಂದಮೇಲೆ, ಆ ಬೀಗ ಏನನ್ನು ಕಾಯುತ್ತಿತ್ತು ಎಂದು ಕೇಳದೆ ಇರಲಾಗದು.

ನಕಲಂತೂ ನಿಂತಿರಲಿಲ್ಲ, ನಿಲ್ಲುವ ಹಾಗೂ ಇರಲಿಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಗೂಢಲಿಪಿಯೇ ಇಲ್ಲ. ಅದೇ ಹಾಡನ್ನು ಡೌನ್‌ಲೋಡ್ ರೂಪದಲ್ಲಿ ಕೊಳ್ಳುವವರಿಗೆ ಬೀಗ, ಸಿಡಿಯಲ್ಲಿ ಕೊಳ್ಳುವವರಿಗೆ ಬಿಡುಗಡೆ ಎಂಬ ವಿಚಿತ್ರ ಪರಿಸ್ಥಿತಿ ವರ್ಷಗಟ್ಟಲೆ ಮುಂದುವರಿಯಿತು. ಮೈಕ್ರೋಸಾಫ್ಟ್‌ನ ನಾಲ್ವರು ಎಂಜಿನಿಯರ್‌ಗಳೇ 2002ರಲ್ಲಿ ಒಂದು ಪ್ರಬಂಧ ಬರೆದು, ಲಕ್ಷಾಂತರ ಗಿರಾಕಿಗಳಲ್ಲಿ ಒಬ್ಬನೇ ಒಬ್ಬ ಬೀಗ ಮುರಿದರೂ ಆ ಪ್ರತಿ ಜಾಲದಲ್ಲಿ ಎಲ್ಲರಿಗೂ ತಲುಪುತ್ತದೆ, ಆಗ ಬೀಗದ ಸರಕು ಬೀಗವಿಲ್ಲದ ಸರಕಿನೊಡನೆ ಸ್ಪರ್ಧಿಸಬೇಕಾಗುತ್ತದೆ ಎಂದು ವಾದಿಸಿದ್ದರು. ಇನ್ನೊಂದು ಮೂಲಭೂತ ತೊಡಕೂ ಇದೆ. ಸಾಮಾನ್ಯ ಗೂಢಲಿಪಿಯಲ್ಲಿ ಕಳಿಸುವವರು, ಪಡೆಯುವವರು ಮತ್ತು ಕದ್ದು ನೋಡುವವರು ಎಂದು ಮೂವರು. ಡಿಆರ್‌ಎಂನಲ್ಲಿ ಹಾಡು ಕೇಳಬೇಕಾದ ಗಿರಾಕಿಯೂ, ಕೀಲಿಯನ್ನು ಯಾರಿಂದ ಬಚ್ಚಿಡಬೇಕೋ ಆ ವ್ಯಕ್ತಿಯೂ ಒಬ್ಬರೇ. ಕೀಲಿ ಅವರ ಸಾಧನದೊಳಗೇ ಇರಬೇಕು, ಆದರೆ ಅವರಿಗೆ ಸಿಗಬಾರದು. ಇಂಥ ಬೀಗ ಇಂದಲ್ಲ ನಾಳೆ ಮುರಿಯುತ್ತದೆ. ಫೇರ್‌ಪ್ಲೇಯ ಮೊದಲ ಆವೃತ್ತಿಗಳೂ ಮುರಿದವು.

ಸಿಡಿಗೇ ಬೀಗ ಹಾಕುವ ಪ್ರಯತ್ನಗಳು ಇದಕ್ಕಿಂತ ಹೆಚ್ಚು ನಗೆಪಾಟಲಾದವು. 2002ರಲ್ಲಿ ಒಂದು ಬಗೆಯ ನಕಲು ತಡೆಯನ್ನು ತಟ್ಟೆಯ ಅಂಚಿನಲ್ಲಿ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ಮೀರಬಹುದೆಂದು ಗೊತ್ತಾಯಿತು. ಮರುವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಅಲೆಕ್ಸ್ ಹಾಲ್ಡರ್‌ಮನ್, ಸನ್‌ಕಾಮ್ ಕಂಪನಿಯ ಮೀಡಿಯಾಮ್ಯಾಕ್ಸ್ ಎಂಬ ತಡೆಯನ್ನು ಸಿಡಿ ಹಾಕುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ ದಾಟಬಹುದೆಂದು ಬರೆದರು. ಕಂಪನಿ ಮೊಕದ್ದಮೆಯ ಬೆದರಿಕೆ ಹಾಕಿ, ಆಮೇಲೆ ಸುಮ್ಮನಾಯಿತು. ಇಂಥ ತಟ್ಟೆಗಳು ಕೆಲವು ಪ್ಲೇಯರ್‌ಗಳಲ್ಲಿ ಸರಿಯಾಗಿ ನುಡಿಯದಿದ್ದಾಗ, ಸಿಡಿಯ ಜನಕರಲ್ಲಿ ಒಬ್ಬರಾದ ಫಿಲಿಪ್ಸ್ ಕಂಪನಿ, ಇವು ಸಿಡಿ ಮಾನಕಕ್ಕೆ ಒಪ್ಪುವುದಿಲ್ಲವಾದ್ದರಿಂದ ಆ ಲಾಂಛನ ಬಳಸಬಾರದು ಎಂದು ಆಕ್ಷೇಪಿಸಿತು.

ನಗೆ ನಿಂತದ್ದು 2005ರ ಅಕ್ಟೋಬರ್ 31ರಂದು. ವಿಂಡೋಸ್ ತಜ್ಞ ಮಾರ್ಕ್ ರುಸಿನೋವಿಚ್, ಸೋನಿ ಬಿಎಂಜಿ ಎಂಬ ರೆಕಾರ್ಡ್ ಕಂಪನಿಯ ಸಿಡಿಯೊಂದು ತಮ್ಮ ಕಂಪ್ಯೂಟರ್‌ನಲ್ಲಿ ರೂಟ್‌ಕಿಟ್ ಸ್ಥಾಪಿಸಿದ್ದನ್ನು, ಅಂದರೆ ದಾಳಿಕೋರರು ತಮ್ಮ ಇರವನ್ನು ಮರೆಮಾಚಲು ಬಳಸುವಂಥ ತಂತ್ರಾಂಶವನ್ನು ಸ್ಥಾಪಿಸಿದ್ದನ್ನು, ಬಯಲು ಮಾಡಿದರು. ಫಸ್ಟ್ 4 ಇಂಟರ್‌ನೆಟ್ ಎಂಬ ಬ್ರಿಟಿಷ್ ಕಂಪನಿ ಬರೆದ ಎಕ್ಸ್‌ಸಿಪಿ ಎಂಬ ಈ ತಡೆ, ನಿರ್ದಿಷ್ಟ ಅಕ್ಷರಗಳಿಂದ ಹೆಸರು ಶುರುವಾಗುವ ಯಾವುದೇ ಫೈಲನ್ನು ಬಳಕೆದಾರರ ಕಣ್ಣಿಗೆ ಕಾಣದಂತೆ ಮಾಡುತ್ತಿತ್ತು. ಆ ಮರೆಯನ್ನು ಬೇರೆ ದುರುದ್ದೇಶದ ತಂತ್ರಾಂಶಗಳೂ ಬಳಸಿಕೊಳ್ಳಲು ಹೆಚ್ಚು ದಿನ ಬೇಕಾಗಲಿಲ್ಲ. ಅದನ್ನು ತೆಗೆಯಲೆಂದು ಕೊಟ್ಟ ಸಾಧನವೇ ಕಂಪ್ಯೂಟರ್‌ನಲ್ಲಿ ಇನ್ನೊಂದು ಸುರಕ್ಷತಾ ಬಿರುಕು ತೆರೆಯಿತು. 52 ಆಲ್ಬಮ್‌ಗಳಲ್ಲಿ ಈ ತಂತ್ರಾಂಶ ಇದ್ದುದು ತಿಳಿದುಬಂದು, ನವೆಂಬರ್‌ನಲ್ಲಿ ಸಿಡಿಗಳನ್ನು ವಾಪಸು ಪಡೆಯಬೇಕಾಯಿತು. ಈ ಸಿಡಿಗಳು ಕಂಪ್ಯೂಟರ್‌ಗೆ ಕೊಡುತ್ತಿದ್ದ ಹಾಡುಗಳು ಮೈಕ್ರೋಸಾಫ್ಟ್ ಬೀಗದವು, ಹಾಗಾಗಿ ಅಂದಿನ ಅತ್ಯಂತ ಜನಪ್ರಿಯ ಪ್ಲೇಯರ್ ಆದ ಐಪಾಡ್‌ಗೆ ಅವು ಹೋಗುತ್ತಲೂ ಇರಲಿಲ್ಲ. ಕದ್ದು ಇಳಿಸಿಕೊಂಡವರ ಕಂಪ್ಯೂಟರ್ ಈ ತಡೆಯಿಂದ ಪಾರಾಯಿತು. ಅಂಗಡಿಯಲ್ಲಿ ಹಣ ಕೊಟ್ಟವರದು ಸಿಕ್ಕಿಬಿತ್ತು.

ಇಷ್ಟು ದುರ್ಬಲವಾದ ಬೀಗ ಇಷ್ಟು ಕಾಲ ಬಾಳಿದ್ದು ಕಾನೂನಿನ ಬಲದಿಂದ. ಅಮೆರಿಕದ 1998ರ ಡಿಜಿಟಲ್ ಮಿಲೇನಿಯಮ್ ಕೃತಿಸ್ವಾಮ್ಯ ಕಾಯಿದೆ ಬೀಗ ಮುರಿಯುವುದನ್ನೂ, ಮುರಿಯುವ ಸಾಧನವನ್ನು ಹಂಚುವುದನ್ನೂ ಅಪರಾಧವಾಗಿಸಿತು. ಕೊಂಡ ಹಾಡನ್ನು ಇನ್ನೊಂದು ಪ್ಲೇಯರ್‌ಗೆ ಸಾಗಿಸುವುದಷ್ಟೇ ಉದ್ದೇಶ ಎಂದು ಹೇಳಿದರೆ ಸುಲಭವಾಗಿ ಬಿಡುಗಡೆ ಸಿಗುವುದಿಲ್ಲ. ಮರುವರ್ಷವೇ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ರಿಯೋ ಎಂಬ ಆರಂಭಿಕ ಎಂಪಿ3 ಪ್ಲೇಯರ್‌ನ ಪ್ರಕರಣದಲ್ಲಿ, ತನ್ನಲ್ಲಿರುವ ಹಾಡನ್ನು ಕೈಯಲ್ಲಿ ಒಯ್ಯುವ ಸಾಧನಕ್ಕೆ ಹಾಕಿಕೊಳ್ಳುವುದು ವೈಯಕ್ತಿಕ ಬಳಕೆ ಎಂದು ಹೇಳಿತ್ತು. ಒಂದು ಕೈ ಕೊಟ್ಟ ಅವಕಾಶವನ್ನು ಇನ್ನೊಂದು ಕೈ ಕಿತ್ತುಕೊಂಡಿತು. ಸಂಗೀತೋದ್ಯಮ ತಾನೇ ಸವಾಲು ಹಾಕಿ ಕರೆದ ಪರೀಕ್ಷೆಯಲ್ಲಿ ಹಾಡಿನೊಳಗೆ ಗುರುತು ಅಡಗಿಸಿಡುವ ಅದರ ತಂತ್ರಗಳನ್ನು ಭೇದಿಸಿದ ಪ್ರಿನ್ಸ್‌ಟನ್ ಪ್ರಾಧ್ಯಾಪಕ ಎಡ್ವರ್ಡ್ ಫೆಲ್ಟನ್ ಅವರಿಗೆ, ಆ ಪ್ರಬಂಧವನ್ನು ಮಂಡಿಸಬಾರದೆಂದು 2001ರಲ್ಲಿ ಎಚ್ಚರಿಕೆಯ ಪತ್ರ ಹೋದದ್ದೂ ಇದೇ ಕಾಯಿದೆಯ ನೆರಳಿನಲ್ಲಿ. ಯುರೋಪಿನಲ್ಲಿ ಸ್ವಲ್ಪ ಬೇರೆ ಗಾಳಿ ಬೀಸಿತು. ಫ್ರಾನ್ಸ್ 2006ರಲ್ಲಿ ಹೊಂದಾಣಿಕೆಯನ್ನು ಕಡ್ಡಾಯ ಮಾಡುವ ಮಸೂದೆ ತಂದಾಗ ಆ್ಯಪಲ್ ಅದನ್ನು ಸರ್ಕಾರವೇ ಪ್ರಾಯೋಜಿಸಿದ ಕಳ್ಳತನ ಎಂಬರ್ಥದಲ್ಲಿ ಖಂಡಿಸಿತು. ಅಂತಿಮ ಕಾಯಿದೆ ಮೆತ್ತಗಾಗಿ ಹೊರಬಂತು. ನಾರ್ವೆಯ ಗ್ರಾಹಕ ಪ್ರಾಧಿಕಾರ ಫೇರ್‌ಪ್ಲೇ ನಿರ್ಬಂಧ ತನ್ನ ದೇಶದ ಗ್ರಾಹಕ ಕಾನೂನಿಗೆ ವಿರುದ್ಧ ಎಂದು 2007ರ ಜನವರಿಯಲ್ಲಿ ಸಾರಿತು.

ಅದಾದ ಮರುತಿಂಗಳು ಆ್ಯಪಲ್‌ನ ಮುಖ್ಯಸ್ಥ ಸ್ಟೀವ್ ಜಾಬ್ಸ್ ಬಹಿರಂಗ ಪತ್ರವೊಂದನ್ನು ಪ್ರಕಟಿಸಿದರು. ಅವರ ಲೆಕ್ಕದಂತೆ ಅದುವರೆಗೆ ಮಾರಾಟವಾದ ಒಂಬತ್ತು ಕೋಟಿ ಐಪಾಡ್‌ಗಳಿಗೆ ಐಟ್ಯೂನ್ಸ್‌ನಿಂದ ಮಾರಾಟವಾದ ಹಾಡುಗಳು ಇನ್ನೂರು ಕೋಟಿ, ಅಂದರೆ ಐಪಾಡ್ ಒಂದಕ್ಕೆ ಸರಾಸರಿ 22 ಹಾಡು. ಬೀಗವಿಲ್ಲದ ಸಿಡಿಗಳಲ್ಲಾದರೋ 2006ರ ಒಂದೇ ವರ್ಷದಲ್ಲಿ ಎರಡು ಸಾವಿರ ಕೋಟಿಗಿಂತ ಹೆಚ್ಚು ಹಾಡು ಮಾರಾಟವಾಗಿದ್ದವು. ಬೀಗ ಬೇಕೆಂದವರು ರೆಕಾರ್ಡ್ ಕಂಪನಿಗಳು, ತಾವಲ್ಲ ಎಂಬುದು ಪತ್ರದ ಸಾರ. ಮಾತು ನಿಜವೇ, ಆದರೆ ಅರ್ಧ ನಿಜ. ಆ ಬೀಗದಿಂದ ಹೆಚ್ಚು ಲಾಭ ಪಡೆದವರು ಯಾರೆಂಬ ಪ್ರಶ್ನೆಯನ್ನು ಪತ್ರ ಜಾಣತನದಿಂದ ದಾಟಿಹೋಗುತ್ತದೆ. ರೆಕಾರ್ಡ್ ಕಂಪನಿಗಳಿಗೆ ಆ ಹೊತ್ತಿಗೆ ಅದು ಅರಿವಾಗಿತ್ತು: ತಾವು ಹಟ ಹಿಡಿದು ಹಾಕಿಸಿದ ಬೀಗವೇ ಗಿರಾಕಿಗಳನ್ನು ಐಪಾಡ್‌ಗೂ, ತಮ್ಮನ್ನು ಆ್ಯಪಲ್‌ನ ದರಕ್ಕೂ ಕಟ್ಟಿಹಾಕಿತ್ತು. ಏಪ್ರಿಲ್‌ನಲ್ಲಿ ಇಎಂಐ ಎಂಬ ರೆಕಾರ್ಡ್ ಕಂಪನಿ ಮೊದಲು ಬೀಗ ತೆಗೆಯುವುದಾಗಿ ಘೋಷಿಸಿತು. ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಬೀಗವಿಲ್ಲದ ಎಂಪಿ3 ಅಂಗಡಿ ತೆರೆಯಿತು, 2008ರ ಜನವರಿಯ ಹೊತ್ತಿಗೆ ನಾಲ್ಕೂ ದೊಡ್ಡ ರೆಕಾರ್ಡ್ ಕಂಪನಿಗಳು ಅಲ್ಲಿಗೆ ಹಾಡು ಕೊಡಲು ಒಪ್ಪಿದ್ದವು. ಐಟ್ಯೂನ್ಸ್‌ಗೆ ಅದೇ ಸೌಲಭ್ಯ ಸಿಗಲು ಇನ್ನೊಂದು ವರ್ಷ ಕಾಯಬೇಕಾಯಿತು. ನಕಲಿನ ಭಯವೇ ನಿಜವಾದ ಕಾರಣವಾಗಿದ್ದರೆ ಒಂದು ಅಂಗಡಿಗೆ ಬೀಗವಿಲ್ಲದೆ ಕೊಟ್ಟು ಇನ್ನೊಂದಕ್ಕೆ ಬೀಗ ಹಾಕಿ ಕೊಡುವುದಕ್ಕೆ ಅರ್ಥವೇ ಇಲ್ಲ. 2009ರ ಜನವರಿಯಲ್ಲಿ ಆ್ಯಪಲ್ 69, 99, 129 ಸೆಂಟ್‌ಗಳ ಮೂರು ದರಗಳಿಗೆ ಒಪ್ಪಿತು, ಬೀಗ ಹೋಯಿತು. ಮೊದಲೇ ಕೊಂಡ ಹಾಡಿನ ಬೀಗ ತೆಗೆಸಿಕೊಳ್ಳಲು ಗಿರಾಕಿ ಹಾಡಿಗೆ 30 ಸೆಂಟ್ ಕೊಡಬೇಕಿತ್ತು.

ಕೊಂಡ ಹಾಡಿನ ಮಟ್ಟಿಗೆ ಸಮಸ್ಯೆ ಅಲ್ಲಿಗೆ ಬಹುಪಾಲು ಮುಗಿಯಿತು. ಆದರೆ ಕೊಳ್ಳುವ ರೂಢಿಯೇ ಕ್ಷೀಣಿಸಿತು. 2008ರ ಅಕ್ಟೋಬರ್‌ನಲ್ಲಿ ಸ್ಪಾಟಿಫೈ ಯುರೋಪಿನಲ್ಲಿ ಶುರುವಾಯಿತು, 2015ರಲ್ಲಿ ಆ್ಯಪಲ್ ಮ್ಯೂಸಿಕ್ ಬಂತು, ಬೀಗವೂ ಜೊತೆಯಲ್ಲೇ ಮರಳಿತು. ಚಂದಾ ಸೇವೆಯಲ್ಲಿ ಡೌನ್‌ಲೋಡ್ ಗುಂಡಿ ಒತ್ತಿದಾಗ ಫೋನಿಗೆ ಬರುವುದು ಆ ಆ್ಯಪ್ ಮಾತ್ರ ತೆರೆಯಬಲ್ಲ ಗೂಢಲಿಪಿಯ ಫೈಲ್. ಸ್ಪಾಟಿಫೈನಲ್ಲಿ ಕನಿಷ್ಠ 30 ದಿನಕ್ಕೊಮ್ಮೆ ಅಂತರ್ಜಾಲಕ್ಕೆ ಬರದಿದ್ದರೆ ಇಳಿಸಿಕೊಂಡ ಹಾಡುಗಳು ನಿಲ್ಲುತ್ತವೆ. ಚಂದಾ ನಿಂತರೂ ನಿಲ್ಲುತ್ತವೆ. ಮೈಕ್ರೋಸಾಫ್ಟ್ ಬೀಗವಿದ್ದ 2004ರ ಪ್ಲೇಯರ್‌ನ ಗಡಿಯಾರ ಮಾಡುತ್ತಿದ್ದ ಕೆಲಸವೇ ಇದು, ಈಗ ಫೋನ್ ಸದಾ ಜಾಲದಲ್ಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ತಿಂಗಳ ಬಾಡಿಗೆ ಎಂಬುದು ಮೊದಲೇ ಗೊತ್ತಿರುವುದರಿಂದ ಇಲ್ಲಿ ಮೋಸವಿಲ್ಲ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಬಾಡಿಗೆಯ ಹಾಡನ್ನು ಯಾವ ಸಾಧನದಲ್ಲಿ ಕೇಳಬೇಕೆಂದು ಬಾಡಿಗೆ ಕಟ್ಟುವವರು ಆರಿಸಲಾಗದಿರುವುದಕ್ಕೆ ಮಾತ್ರ ಆ ವಾದದಲ್ಲಿ ಸಮರ್ಥನೆ ಸಿಗುವುದಿಲ್ಲ.

ಇದರ ಪೆಟ್ಟು ಬಿದ್ದಿರುವುದು ಸಂಗೀತಕ್ಕೆಂದೇ ತಯಾರಾದ ಪ್ಲೇಯರ್‌ಗಳಿಗೆ. ಆ್ಯಪಲ್ 2022ರ ಮೇ ತಿಂಗಳಲ್ಲಿ ಐಪಾಡ್ ತಯಾರಿಕೆಯನ್ನೇ ನಿಲ್ಲಿಸಿತು. ಉಳಿದ ತಯಾರಕರು ಚಂದಾ ಹಾಡುಗಳನ್ನು ನುಡಿಸಬೇಕೆಂದರೆ ಸೇವೆಯ ಆ್ಯಪ್ ಬೇಕು, ಆ್ಯಪ್ ಬೇಕೆಂದರೆ ಆ್ಯಂಡ್ರಾಯ್ಡ್ ಬೇಕು, ಆ್ಯಂಡ್ರಾಯ್ಡ್ ಬಂದರೆ ಬ್ಯಾಟರಿ ಬೇಗ ಇಳಿಯುತ್ತದೆ, ಬೆಲೆ ಏರುತ್ತದೆ. ಸೋನಿಯ ಈಚಿನ ವಾಕ್‌ಮನ್‌ಗಳೂ, ಫಿಯೋ ಮತ್ತು ಆಸ್ಟೆಲ್ ಆ್ಯಂಡ್ ಕರ್ನ್ ಪ್ಲೇಯರ್‌ಗಳಲ್ಲಿ ಹಲವೂ ಇದೇ ಹಾದಿ ಹಿಡಿದಿವೆ. ಕೆಲವು ವರ್ಷಗಳ ಮೇಲೆ ಆ್ಯಪ್‌ನ ಹೊಸ ಆವೃತ್ತಿ ಹಳೆಯ ಆ್ಯಂಡ್ರಾಯ್ಡ್‌ಗೆ ಬೆಂಬಲ ನಿಲ್ಲಿಸಿದಾಗ, ಧ್ವನಿಯಲ್ಲಿ ಏನೂ ದೋಷವಿಲ್ಲದ ಪ್ಲೇಯರ್ ಚಂದಾ ಸಂಗೀತದ ಮಟ್ಟಿಗೆ ಮೂಲೆ ಸೇರುತ್ತದೆ. ಬೀಗವಿಲ್ಲದ ಫ್ಲ್ಯಾಕ್ ಅಥವಾ ಎಂಪಿ3 ಹಾಡುಗಳನ್ನು ಅದೇ ಪ್ಲೇಯರ್ ಅದರ ಬ್ಯಾಟರಿ ಬಾಳುವಷ್ಟು ದಿನ ನುಡಿಸುತ್ತದೆ. ಬ್ಯಾಂಡ್‌ಕ್ಯಾಂಪ್, ಕೋಬಜ್‌ನಂಥ ಅಂಗಡಿಗಳು ಇಂದಿಗೂ ಹಾಡನ್ನು ಹಾಗೆಯೇ ಮಾರುತ್ತವೆ. ಎಲ್ಲ ಹಾಡುಗಳೂ ಅಲ್ಲಿ ಸಿಗುವುದಿಲ್ಲ ಎಂಬುದೇ ತೊಡಕು.

ಕಾನೂನು ಈಗ ನಿಧಾನವಾಗಿ ಕದಲುತ್ತಿದೆ, ಆದರೆ ತಪ್ಪಾದ ತುದಿಯಿಂದ. ಅಂಗಡಿ ಮುಚ್ಚಿದಾಗ ಗಿರಾಕಿಯೇ ಬೀಗ ತೆಗೆದುಕೊಳ್ಳಲು ಅನುಮತಿ ಬೇಕೆಂಬ ಮನವಿ 2009ರಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿಯ ಮುಂದೆ ಬಂದಿತ್ತು. ಶಾಶ್ವತವಾಗಿ ಹಾಡು ಸಿಗುವಂತೆ ನೋಡಿಕೊಳ್ಳುವ ಹೊಣೆ ತಮ್ಮದಲ್ಲ ಎಂದು ಹಕ್ಕುದಾರರ ಪರ ವಕೀಲರು ವಾದಿಸಿದರು, ಅನುಮತಿ ಸಿಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ, ಡಿಜಿಟಲ್ ಸರಕನ್ನು ಮಾರಾಟವೆಂಬಂತೆ ತೋರಿಸುವ ಅಂಗಡಿ, ಗಿರಾಕಿಗೆ ಸಿಗುವುದು ಪರವಾನಗಿ ಮಾತ್ರ ಎಂದು ಮೊದಲೇ ತಿಳಿಸಬೇಕು; ಇಳಿಸಿಕೊಂಡು ಸೇವೆಯ ಹಂಗಿಲ್ಲದೆ ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ಫೈಲ್‌ಗಳಿಗೂ, ಚಂದಾ ಸೇವೆಗಳಿಗೂ ಅದು ಅನ್ವಯಿಸುವುದಿಲ್ಲ. ಎಚ್ಚರಿಕೆ ಕೊಡುವುದು ಕಡ್ಡಾಯವಾಯಿತೇ ಹೊರತು, ಸರ್ವರ್ ಮುಚ್ಚುವ ದಿನ ಕೀಲಿಯನ್ನು ಗಿರಾಕಿಗೆ ಒಪ್ಪಿಸುವುದಾಗಲಿ, ಶುಲ್ಕ ಕೊಡಲು ಸಿದ್ಧನಿರುವ ಪ್ಲೇಯರ್ ತಯಾರಕನಿಗೆ ಕೀಲಿಯನ್ನು ನಿರಾಕರಿಸದಿರುವುದಾಗಲಿ ಕಡ್ಡಾಯವಾಗಲಿಲ್ಲ. ಈ ಎರಡರಲ್ಲಿ ಎರಡನೆಯದು ಜಾರಿಯಾದರೆ ಹಾರ್ಮನಿ 2004ರಲ್ಲಿ ಬಲವಂತವಾಗಿ ಮಾಡಿದ್ದನ್ನು ಇನ್ನೊಬ್ಬ ತಯಾರಕ ಕಾನೂನಿನ ಒಪ್ಪಿಗೆಯಿಂದಲೇ ಮಾಡಬಹುದು, ನಕಲು ತಡೆಯ ಒಂದು ಎಳೆಯನ್ನೂ ಸಡಿಲಿಸದೆ.